ತರಬೇತಿ ಮುಗಿದ ಮಾರನೇ ದಿನ

ಐದನೇ ತರಗತಿಯ ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ಚುರುಕಾಗಿದ್ದಾನೆ. ಆದರೆ ಕೈ ಎತ್ತಿ ಕಾಯುವ ತಾಳ್ಮೆ ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಕೂಗಿ ಉತ್ತರ ಹೇಳುತ್ತಾನೆ. ತನ್ನನ್ನು ಕೇಳದಿದ್ದರೆ ಬೆಂಚು ಬಡಿಯುತ್ತಾನೆ. ಅವನಿಗಾಗಿ ಶಾಲೆ ಒಂದು ಸಣ್ಣ ಯೋಜನೆ ಮಾಡಿದೆ. ಅವನು ಕೂಗಿದರೆ ಯಾರೂ ಆ ಕೂಗಿಗೆ ಉತ್ತರ ಕೊಡಬಾರದು. ಕೈ ಎತ್ತಿದರೆ ತಕ್ಷಣ ಅವನನ್ನು ಕರೆಯಬೇಕು. ಕರೆದು, "ಕೈ ಎತ್ತಿ ಕಾದೆಯಲ್ಲ, ತುಂಬಾ ಒಳ್ಳೇದು" ಅಂತ ಬಾಯಿಬಿಟ್ಟು ಹೇಳಬೇಕು. ಇಷ್ಟೇ ಯೋಜನೆ.

ಮೊದಲ ಪೀರಿಯಡ್‌ನ ಟೀಚರ್ ಇದನ್ನು ಹಾಗೆಯೇ ಪಾಲಿಸುತ್ತಾರೆ. ಹುಡುಗ ಮೂರು ಸಲ ಕೂಗಿ, ನಾಲ್ಕನೇ ಸಲ ಕೈ ಎತ್ತುತ್ತಾನೆ. ಎರಡನೇ ಪೀರಿಯಡ್‌ನವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಗಲಾಟೆ ತಡೆಯಲಾಗದೆ "ಆಯ್ತು ಮಾರಾಯ, ನೀನೇ ಹೇಳು" ಅನ್ನುತ್ತಾರೆ. ಮೂರನೇ ಪೀರಿಯಡ್ ಗಣಿತ. ಅಲ್ಲಿ ಒಂದು ಕೂಗಿಗೇ "ಹೊರಗೆ ನಿಲ್ಲು". ಹೊರಗೆ ಕಾರಿಡಾರಿನಲ್ಲಿ ಅಟೆಂಡರ್ ಪಾಪ ಅನ್ನಿಸಿ ಅವನನ್ನು ಮಾತಾಡಿಸುತ್ತಾರೆ. ಆ ಹುಡುಗನಿಗೆ ಗಣಿತ ಅಂದರೆ ಭಯ ಅನ್ನುವುದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಊಟದ ಬೆಲ್ ಹೊಡೆಯುವ ಹೊತ್ತಿಗೆ ಅವನು ಏನು ಕಲಿತಿರುತ್ತಾನೆ? ಕೂಗಿದರೆ ಒಮ್ಮೊಮ್ಮೆ ಕೆಲಸ ಆಗುತ್ತದೆ. ಜಾಸ್ತಿ ಹೊತ್ತು ಕೂಗಿದರೆ ಇನ್ನೂ ಚೆನ್ನಾಗಿ ಆಗುತ್ತದೆ. ಗಣಿತದಲ್ಲಿ ಕೂಗಿದರೆ ಗಣಿತವೇ ತಪ್ಪಿಹೋಗುತ್ತದೆ, ಮಾತಿಗೂ ಒಬ್ಬರು ಸಿಗುತ್ತಾರೆ.

ಈ ಮೂವರು ಶಿಕ್ಷಕರೂ ಒಂದೇ ದಿನ, ಒಂದೇ ಹಾಲ್‌ನಲ್ಲಿ ಕೂತು ಒಂದೇ ತರಬೇತಿ ಪಡೆದವರು. ಮೂವರ ಕಪಾಟಿನಲ್ಲೂ ಒಂದೇ ಫೈಲ್ ಇದೆ. ಮೂವರೂ ಮಕ್ಕಳ ಮೇಲೆ ಪ್ರೀತಿ ಇರುವವರೇ. ಹಾಗಾದರೆ ತಪ್ಪಿದ್ದು ಎಲ್ಲಿ?

ನನಗೆ ಅನ್ನಿಸುವುದು ಇದು: ಶಾಲೆಗಳು ತರಬೇತಿಯ ದಿನಕ್ಕಾಗಿ ತುಂಬಾ ತಲೆ ಕೆಡಿಸಿಕೊಳ್ಳುತ್ತವೆ. ಮಾರನೇ ದಿನ ತರಗತಿಯ ಬಾಗಿಲು ಮುಚ್ಚಿಕೊಂಡ ಮೇಲೆ ಶಿಕ್ಷಕರ ಜೊತೆ ಯಾರೂ ಇರುವುದಿಲ್ಲ. ನಡವಳಿಕೆ ಬೆಂಬಲ ಕಾರ್ಯಕ್ರಮಗಳು ಸೋಲುವುದು ಬಹುಪಾಲು ಅಲ್ಲೇ.

ಈ ಕಾರ್ಯಕ್ರಮಗಳು ಅಂದರೆ ಏನು

ಮಕ್ಕಳು ತಪ್ಪು ಮಾಡಿದ ಮೇಲೆ ಶಿಕ್ಷೆ ಕೊಡುವುದು ಹಳೆಯ ದಾರಿ. ಅದರ ಬದಲು, ಒಳ್ಳೆಯ ನಡವಳಿಕೆಯನ್ನು ಪಾಠದ ಹಾಗೆಯೇ ಕಲಿಸಬೇಕು, ಮಗು ಅದನ್ನು ಮಾಡಿದಾಗ ಗುರುತಿಸಬೇಕು, ತಪ್ಪಿದಾಗ ಎಲ್ಲರೂ ಒಂದೇ ರೀತಿ ತಿದ್ದಬೇಕು ಅನ್ನುವುದು ಈ ಕಾರ್ಯಕ್ರಮಗಳ ಮೂಲ ಆಲೋಚನೆ. ಇವುಗಳಲ್ಲಿ ಹೆಚ್ಚು ಹರಡಿರುವುದು ಅಮೆರಿಕದ ಪಿಬಿಐಎಸ್ (ಪಾಸಿಟಿವ್ ಬಿಹೇವಿಯರಲ್ ಇಂಟರ್ವೆನ್ಷನ್ಸ್ ಅಂಡ್ ಸಪೋರ್ಟ್ಸ್, ಅಂದರೆ ಒಳ್ಳೆಯ ನಡವಳಿಕೆಗೆ ನೆರವು ಮತ್ತು ಬೆಂಬಲ). 1997ರಲ್ಲಿ ಅಲ್ಲಿನ ವಿಶೇಷ ಶಿಕ್ಷಣ ಕಾನೂನಿಗೆ ತಿದ್ದುಪಡಿ ಬಂದ ಮೇಲೆ, ಆರೆಗಾನ್ ವಿಶ್ವವಿದ್ಯಾಲಯದ ರಾಬ್ ಹಾರ್ನರ್ ಮತ್ತು ಜಾರ್ಜ್ ಸುಗಾಯ್ ಅವರ ಮುಂದಾಳತ್ವದಲ್ಲಿ ಇದು ಬೆಳೆಯಿತು. ಇವತ್ತು ಅಲ್ಲಿ 25 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಇದೆ.

ಇದರಲ್ಲಿ ಮೂರು ಹಂತ. ಎಲ್ಲ ಮಕ್ಕಳಿಗೂ ಅನ್ವಯಿಸುವ ಮೂರೋ ನಾಲ್ಕೋ ಸರಳ ನಿಯಮಗಳು ಮೊದಲ ಹಂತ. ಸುಮಾರು ಶೇ. 80ರಷ್ಟು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ ಅನ್ನುವುದು ಲೆಕ್ಕಾಚಾರ. ಇನ್ನು ಶೇ. 15ರಷ್ಟು ಮಕ್ಕಳಿಗೆ ಸ್ವಲ್ಪ ಹೆಚ್ಚಿನ ಆಸರೆ ಬೇಕಾಗುತ್ತದೆ. ಬೆಳಿಗ್ಗೆ ಒಬ್ಬ ದೊಡ್ಡವರನ್ನು ಕಂಡು ಒಂದು ಕಾರ್ಡ್ ಪಡೆಯುವುದು, ಪ್ರತಿ ಪೀರಿಯಡ್‌ನಲ್ಲಿ ಅದಕ್ಕೆ ಅಂಕ ಹಾಕಿಸಿಕೊಳ್ಳುವುದು, ಸಂಜೆ ಮತ್ತೆ ಅವರನ್ನು ಕಂಡು ಹೋಗುವುದು, ಇಂಥ ಏರ್ಪಾಡು. ಉಳಿದ ಶೇ. 5ರಷ್ಟು ಮಕ್ಕಳಿಗೆ ಅವರವರಿಗೇ ಹೊಂದುವ ಯೋಜನೆ. ನಮ್ಮ ಐದನೇ ತರಗತಿ ಹುಡುಗನಿಗೆ ಮಾಡಿದ್ದು ಅಂಥದ್ದೇ.

ಕಾಗದದ ಮೇಲೆ ಇದೆಲ್ಲ ತುಂಬಾ ಸುಲಭ. ಅದೇ ಇದರ ತೊಂದರೆ ಕೂಡ. ಸುಲಭವಾಗಿ ಕಾಣುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡಬಹುದು ಅಂತ ಎಲ್ಲರಿಗೂ ಅನ್ನಿಸುತ್ತದೆ.

ಅರೆಬರೆ ಮಾಡಿದರೆ ಯಾಕೆ ಕೆಡುತ್ತದೆ

"ಪೂರ್ತಿ ಮಾಡಲಾಗದಿದ್ದರೂ ಸ್ವಲ್ಪವಾದರೂ ಮಾಡೋಣ" ಅನ್ನುವ ಮಾತು ಬಹಳ ಕಡೆ ಸರಿ. ಇಲ್ಲಿ ಮಾತ್ರ ಹುಷಾರಾಗಿರಬೇಕು. ಎಲ್ಲ ಮಕ್ಕಳಿಗೂ ಇರುವ ನಿಯಮಗಳನ್ನು ಅರ್ಧ ಪಾಲಿಸಿದರೆ ಅರ್ಧ ಫಲ ಸಿಗಬಹುದು. ಆದರೆ ಮಗುವಿನ ಒಂದು ರೂಢಿಯನ್ನು ನಿಲ್ಲಿಸಲು ಹೊರಟು, ಅರ್ಧ ದಾರಿಯಲ್ಲಿ ಕೈಬಿಟ್ಟರೆ, ಮೊದಲಿಗಿಂತ ಹಾಳಾಗಬಹುದು.

ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿಗಳು ಒಂದು ದೊಡ್ಡ ಕೃತಿ ಪ್ರಕಟಿಸಿದರು. ಪ್ರಾಣಿಗಳ ಮೇಲೆ ಮಾಡಿದ ಸಾವಿರಾರು ಗಂಟೆಗಳ ಪ್ರಯೋಗ ಅದರಲ್ಲಿ ಇತ್ತು. ಪ್ರತಿ ಸಲ ಪ್ರತಿಫಲ ಸಿಗುತ್ತಿದ್ದ ರೂಢಿ, ಪ್ರತಿಫಲ ನಿಂತ ಮೇಲೆ ಬೇಗ ಕಡಿಮೆಯಾಗುತ್ತದೆ. ಒಮ್ಮೆ ಸಿಕ್ಕಿ, ಒಮ್ಮೆ ಸಿಗದೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದ ರೂಢಿ ಇದೆಯಲ್ಲ, ಅದು ಮಾತ್ರ ಹಿಡಿದ ಹಠ ಬಿಡುವುದಿಲ್ಲ. ಮಕ್ಕಳಲ್ಲೂ, ದೊಡ್ಡವರಲ್ಲೂ ಇದು ಮತ್ತೆ ಮತ್ತೆ ಕಂಡಿದೆ. ಹಠ ಮಾಡುವ ಮಗುವಿಗೆ ಹತ್ತು ಸಲ ಇಲ್ಲ ಅಂದು ಹನ್ನೊಂದನೇ ಸಲ ಕೊಟ್ಟರೆ, ಮಗು ಕಲಿಯುವುದು "ಹನ್ನೊಂದು ಸಲ ಕೇಳಬೇಕು" ಅಂತ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಅಲ್ವಾ?

ಶಾಲೆಯಲ್ಲಿ ಇದು ಇನ್ನೂ ಸೂಕ್ಷ್ಮ. ಮನೆಯಲ್ಲಿ ಇಬ್ಬರೋ ಮೂವರೋ ದೊಡ್ಡವರು. ಶಾಲೆಯಲ್ಲಿ ಒಂದು ಮಗು ದಿನಕ್ಕೆ ಎಂಟು ಹತ್ತು ಮಂದಿ ದೊಡ್ಡವರ ಕೈ ದಾಟಿ ಹೋಗುತ್ತದೆ. ಏಳು ಮಂದಿ ಯೋಜನೆಯಂತೆ ನಡೆದು ಒಬ್ಬರು ನಡೆಯದಿದ್ದರೂ, ಆ ಕೂಗು ಸಾಯದ ಹಾಗೆ ನೋಡಿಕೊಳ್ಳಲು ಅಷ್ಟು ಸಾಕು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಮಾತು ಇಂಥ ಕಡೆಗೇ ಹೇಳಿದ ಹಾಗಿದೆ. ಎಳೆಯುವ ಶಕ್ತಿ ಇಬ್ಬರಲ್ಲೂ ಇದೆ. ಬಂಡಿ ಮಾತ್ರ ನಿಂತಲ್ಲೇ.

ಇನ್ನೊಂದು ವಿಷಯವನ್ನು ತರಬೇತಿಯಲ್ಲಿ ಹೇಳಲೇಬೇಕು. ಎಷ್ಟೋ ಕಡೆ ಹೇಳುವುದಿಲ್ಲ. ಇಷ್ಟು ದಿನ ಕೆಲಸ ಮಾಡಿದ ಕೂಗು ಒಮ್ಮೆಲೇ ಕೆಲಸ ಮಾಡದಿದ್ದರೆ, ಮಗು ಸುಮ್ಮನಾಗುವ ಮೊದಲು ಇನ್ನೂ ಜೋರಾಗಿ ಕೂಗುವ ಸಾಧ್ಯತೆ ಇದೆ. ಲಿಫ್ಟ್ ಬರದಿದ್ದರೆ ನಾವು ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಹಾಗೆ. ಇದು ಕೆಲವು ದಿನ ಇರಬಹುದು. ಇದನ್ನು ಮೊದಲೇ ತಿಳಿದ ಶಿಕ್ಷಕರು "ಹಾಂ, ಇದು ಬರಬೇಕಾಗಿದ್ದೇ" ಅಂತ ಗಟ್ಟಿಯಾಗಿ ನಿಲ್ಲುತ್ತಾರೆ. ತಿಳಿಯದವರು ಮೂರನೇ ದಿನ "ಇದು ನಮ್ಮ ಮಕ್ಕಳಿಗೆ ಆಗಿಬರುವುದಿಲ್ಲ" ಅಂತ ನಿಲ್ಲಿಸುತ್ತಾರೆ. ಮಗು ಅತಿ ಜೋರಾಗಿ ಕೂಗಿದ ಕ್ಷಣದಲ್ಲೇ ಸೋತು ಕೊಟ್ಟ ಹಾಗಾಗುತ್ತದೆ. ಅದಕ್ಕಿಂತ ಕೆಟ್ಟ ಪಾಠ ಬೇರೆ ಇಲ್ಲ.

ಗಣಿತದ ಪೀರಿಯಡ್‌ನಲ್ಲಿ ಹೊರಗೆ ನಿಲ್ಲಿಸಿದ್ದೂ ಇಂಥದ್ದೇ ಒಂದು ಬಲೆ. ಶಿಕ್ಷಕರಿಗೆ ಅದು ಶಿಕ್ಷೆ. ಹುಡುಗನಿಗೆ ಅದು ಬಿಡುಗಡೆ. ಶಿಕ್ಷಕರಿಗೂ ಅದರಿಂದ ಒಂದಿಷ್ಟು ನೆಮ್ಮದಿ ಸಿಗುತ್ತದೆ, ತರಗತಿ ಶಾಂತವಾಗುತ್ತದೆ. ಹೀಗೆ ಇಬ್ಬರಿಗೂ ಅದು ರೂಢಿಯಾಗುತ್ತದೆ. ಕೂಗಿನ ಹಿಂದೆ ಏನಿದೆ, ಅದರಿಂದ ಅವನಿಗೆ ಏನು ಸಿಗುತ್ತಿದೆ ಅಂತ ಕೇಳಲು ಕಲಿಸದ ತರಬೇತಿ, ಎಷ್ಟು ದಿನ ನಡೆದರೂ ಅರ್ಧ ತರಬೇತಿಯೇ.

ಬಾಲ್ಟಿಮೋರ್ ಕಲಿಸಿದ ಪಾಠ

ಕಾರ್ಯಕ್ರಮ ಒಂದೇ, ಶಿಕ್ಷಕರೂ ಅವರೇ. ಜೊತೆಗಿನ ಬೆಂಬಲ ಮಾತ್ರ ಕಡಿಮೆಯಾದರೆ ಏನಾಗುತ್ತದೆ? ಇದಕ್ಕೆ ಒಂದು ಅಪರೂಪದ ಉತ್ತರ ಇದೆ.

1969ರಲ್ಲಿ ಬ್ಯಾರಿಶ್, ಸಾಂಡರ್ಸ್ ಮತ್ತು ವುಲ್ಫ್ ಎಂಬ ಮೂವರು ಸಂಶೋಧಕರು ನಾಲ್ಕನೇ ತರಗತಿಯೊಂದರಲ್ಲಿ ಒಂದು ಆಟ ಆಡಿಸಿ ನೋಡಿದರು. ತರಗತಿಯನ್ನು ತಂಡಗಳಾಗಿ ಮಾಡುವುದು. ನಿಯಮ ಮುರಿದಾಗ ಆ ತಂಡಕ್ಕೆ ಒಂದು ಗೆರೆ. ಗೆರೆಗಳು ಮಿತಿಯೊಳಗೆ ಇದ್ದರೆ ತಂಡ ಗೆದ್ದ ಹಾಗೆ. ಎರಡು ತಂಡಗಳೂ ಗೆಲ್ಲಬಹುದು. ಇದನ್ನು ಒಳ್ಳೆಯ ನಡವಳಿಕೆಯ ಆಟ ಅಂತ ಕರೆಯುತ್ತಾರೆ. 1985ರಲ್ಲಿ ಶೆಪರ್ಡ್ ಕೆಲಮ್ ಮತ್ತು ಅವರ ತಂಡ ಅಮೆರಿಕದ ಬಾಲ್ಟಿಮೋರ್ ನಗರದ 19 ಸರ್ಕಾರಿ ಶಾಲೆಗಳ ಒಂದನೇ ತರಗತಿಗಳನ್ನು ಆರಿಸಿಕೊಂಡು ದೊಡ್ಡ ಪ್ರಯೋಗ ಶುರು ಮಾಡಿತು. ಆಟ ಆಡಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವ ತನಕ ಹಿಂಬಾಲಿಸಿತು. 19ರಿಂದ 21ರ ವಯಸ್ಸಿನಲ್ಲಿ ನೋಡಿದಾಗ, ಆಟ ಆಡಿದ ತರಗತಿಗಳ ಹುಡುಗರಲ್ಲಿ, ಅದರಲ್ಲೂ ಚಿಕ್ಕಂದಿನಲ್ಲಿ ಹೆಚ್ಚು ಜಗಳಗಂಟರಾಗಿದ್ದವರಲ್ಲಿ, ಮಾದಕ ವಸ್ತುಗಳ ಚಟ ಕಡಿಮೆ ಇತ್ತು. ಒಂದನೇ ತರಗತಿಯಲ್ಲಿ ಆಡಿದ ಒಂದು ಆಟ ಇಪ್ಪತ್ತರ ವಯಸ್ಸಿನ ತನಕ ಜೊತೆಗೆ ಬಂತು ಅನ್ನುವುದನ್ನು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ನಮ್ಮ ವಿಷಯಕ್ಕೆ ಬೇಕಾದದ್ದು ಇದರ ಮುಂದಿನ ಭಾಗ. ಮರುವರ್ಷ ಅದೇ ಶಿಕ್ಷಕರು ಹೊಸ ಒಂದನೇ ತರಗತಿ ಮಕ್ಕಳಿಗೆ ಅದೇ ಆಟ ಆಡಿಸಿದರು. ಆದರೆ ಈ ಸಲ ಶಿಕ್ಷಕರ ಜೊತೆ ನಿಂತು ನೋಡುವುದು, ತಿದ್ದುವುದು ಕಡಿಮೆಯಾಗಿತ್ತು. ಫಲ ಬಂದ ದಿಕ್ಕು ಅದೇ. ಆದರೆ ಹೆಚ್ಚಿನ ವಿಷಯಗಳಲ್ಲಿ ಅದು ಮೊದಲಿನಷ್ಟು ಇರಲಿಲ್ಲ. ಶಿಕ್ಷಕರಿಗೆ ಆಟ ಗೊತ್ತಿತ್ತು, ಒಂದು ವರ್ಷದ ಅನುಭವವೂ ಇತ್ತು. ಆದರೂ ಹೀಗಾಯಿತು. ಹಿಂದಿನ ವರ್ಷ ಕಲಿತದ್ದು ತನ್ನಷ್ಟಕ್ಕೆ ಉಳಿಯುವುದಿಲ್ಲ, ಉಳಿಸಿಕೊಳ್ಳಬೇಕಾಗುತ್ತದೆ.

ಇದೇ ಆಟವನ್ನು ಇಂಗ್ಲೆಂಡಿನ 77 ಶಾಲೆಗಳಲ್ಲಿ ಪರೀಕ್ಷಿಸಿ 2018ರಲ್ಲಿ ವರದಿ ಬಂತು. ಮಕ್ಕಳ ಓದಿನ ಮೇಲೆ ಪರಿಣಾಮ ಕಾಣಲಿಲ್ಲ. ಹೇಳಿದಷ್ಟು ಸಲ, ಹೇಳಿದಷ್ಟು ಹೊತ್ತು ಅಲ್ಲಿ ಆಟ ನಡೆದಿರಲಿಲ್ಲ ಅನ್ನುವುದೂ ಗೊತ್ತಾಯಿತು. ಇದನ್ನು ನೋಡಿ ಆಟವೇ ಸರಿ ಇಲ್ಲ ಅನ್ನಬಹುದು. ಪೂರ್ತಿ ಆಡಿದ್ದರೆ ಓದು ಸುಧಾರಿಸುತ್ತಿತ್ತು ಅಂತ ನಾನೂ ಹೇಳಲಾರೆ. ಆದರೆ ಅರ್ಧ ಆಡಿದ ಆಟವನ್ನು ನೋಡಿ ಪೂರ್ತಿ ಆಟದ ಬಗ್ಗೆ ತೀರ್ಪು ಕೊಡುವುದು ಕಷ್ಟ.

ಜೋಸೆಫ್ ಡರ್ಲಾಕ್ ಮತ್ತು ಎಮಿಲಿ ಡುಪ್ರೆ 2008ರಲ್ಲಿ ಮಕ್ಕಳಲ್ಲಿ ತೊಂದರೆಗಳು ಹುಟ್ಟದಂತೆ ಮೊದಲೇ ತಡೆಯುವ ಕಾರ್ಯಕ್ರಮಗಳ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚೆನ್ನಾಗಿ ಜಾರಿ ಮಾಡಿದ ಕಡೆ ಫಲ ಎರಡರಿಂದ ಮೂರು ಪಟ್ಟು ಜಾಸ್ತಿ ಇತ್ತು. ಅವರು ಕಂಡ ಇನ್ನೊಂದು ಸಂಗತಿ ನನಗೆ ಧೈರ್ಯ ಕೊಡುತ್ತದೆ. ಯಾರೂ ನೂರಕ್ಕೆ ನೂರು ಮಾಡಿರಲಿಲ್ಲ. ಶೇ. 60ರ ಆಸುಪಾಸಿನಲ್ಲೇ ಒಳ್ಳೆಯ ಫಲ ಕಾಣತೊಡಗಿತ್ತು, ಶೇ. 80 ದಾಟಿದವರು ಬಹಳ ಕಡಿಮೆ. ಅಂದರೆ ಶಿಕ್ಷಕರು ಯಂತ್ರಗಳಾಗಬೇಕಿಲ್ಲ.

ಹಾಲ್‌ನಿಂದ ತರಗತಿಗೆ

1977ರಲ್ಲಿ ಟ್ರೆವರ್ ಸ್ಟೋಕ್ಸ್ ಮತ್ತು ಡೊನಾಲ್ಡ್ ಬೇರ್ ಒಂದು ಪ್ರಬಂಧ ಬರೆದರು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಹೇಗೆ ದಾಟುತ್ತದೆ ಅನ್ನುವುದು ಅದರ ವಿಷಯ. ಎಲ್ಲರೂ ಹಿಡಿಯುವ ಒಂದು ದಾರಿಗೆ ಅವರು ಇಟ್ಟ ಹೆಸರು "ಕಲಿಸಿ, ಆಸೆಯಿಂದ ಕಾಯುವುದು". ಸುಮಾರು ಐವತ್ತು ವರ್ಷ ಕಳೆದರೂ ಶಾಲಾ ತರಬೇತಿಗಳು ಬಹುಪಾಲು ಇದೇ ದಾರಿಯಲ್ಲಿವೆ.

1997ರಲ್ಲಿ ಜೋಸೆಫ್ ವಿಟ್, ಜಾರ್ಜ್ ನೋಯೆಲ್ ಮತ್ತು ಅವರ ಜೊತೆಗಾರರು ಬೆರಳೆಣಿಕೆಯ ಶಿಕ್ಷಕರನ್ನು ಹತ್ತಿರದಿಂದ ಗಮನಿಸಿದರು. ಮಕ್ಕಳ ತರಗತಿ ಕೆಲಸ ಸುಧಾರಿಸುವ ಒಂದು ಸಣ್ಣ ಯೋಜನೆ. ಬೇಕಾದ ಸಾಮಾನೆಲ್ಲ ಕೊಟ್ಟರು, ತರಗತಿಯಲ್ಲೇ ಪಕ್ಕದಲ್ಲಿ ನಿಂತು ಕಲಿಸಿದರು. ಶಿಕ್ಷಕರು ಎಲ್ಲ ಹೆಜ್ಜೆಗಳನ್ನೂ ಸರಿಯಾಗಿ ಮಾಡಿದರು. ಆಮೇಲೆ ಅವರಷ್ಟಕ್ಕೆ ಬಿಟ್ಟರು. ಕೆಲವೇ ದಿನಗಳಲ್ಲಿ ಹೆಜ್ಜೆಗಳು ಬಿಟ್ಟುಹೋಗತೊಡಗಿದವು. ಆಗ ಅವರು ದಿನವೂ ಶಿಕ್ಷಕರನ್ನು ಭೇಟಿಯಾಗಿ, ನಿನ್ನೆ ಎಷ್ಟು ಹೆಜ್ಜೆ ನಡೆಯಿತು ಅಂತ ಒಂದು ಗ್ರಾಫ್ ತೋರಿಸಿ ನಾಲ್ಕು ಮಾತಾಡತೊಡಗಿದರು. ಪಾಲನೆ ಮತ್ತೆ ಏರಿತು. ಹೊಸದಾಗಿ ಏನನ್ನೂ ಕಲಿಸಿರಲಿಲ್ಲ. ಆ ಶಿಕ್ಷಕರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆರಂಭಶೂರತ್ವ ಅಂತ ಇದನ್ನು ಬೈಯುವವರಿದ್ದಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ನಲವತ್ತು ಮಕ್ಕಳು, ಮುಗಿಯದ ಪಾಠ, ಬೆಂಚು ಬಡಿಯುವ ಸದ್ದು, ಬಾಗಿಲಲ್ಲಿ ಸುತ್ತೋಲೆ ಹಿಡಿದು ನಿಂತ ಅಟೆಂಡರ್. ಆ ಹೊತ್ತಿನಲ್ಲಿ ಮನುಷ್ಯರ ಬಾಯಿಂದ ಬರುವುದು ಹತ್ತು ವರ್ಷದ ರೂಢಿಯ ಮಾತು. ಹೋದ ತಿಂಗಳು ಸ್ಲೈಡ್‌ನಲ್ಲಿ ನೋಡಿದ ಮಾತು ಆಗ ನೆನಪಿಗೂ ಬರುವುದಿಲ್ಲ. ಹೊಸ ಮಾತು ಬಾಯಿಗೆ ಬರಬೇಕಾದರೆ ಅದನ್ನು ಬಾಯಿಂದಲೇ ಅಭ್ಯಾಸ ಮಾಡಿರಬೇಕು.

ಈ ಅಭ್ಯಾಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ನೋಡಿ. ಇಬ್ಬರು ಶಿಕ್ಷಕಿಯರು ಎದುರು ಬದುರು ಕೂತಿದ್ದಾರೆ. ಒಬ್ಬರು ಹುಡುಗನಾಗಿದ್ದಾರೆ. ಎರಡು ಸಲ ಕೂಗಿ, ಆಮೇಲೆ ಕೈ ಎತ್ತುತ್ತಾರೆ. ಇನ್ನೊಬ್ಬರು ಹೊಗಳಬೇಕು. ಅವರ ಬಾಯಿಂದ ಬಂದದ್ದು: "ನೋಡು, ಇವತ್ತಾದ್ರೂ ಕೈ ಎತ್ತಿದೆಯಲ್ಲ!" ತರಬೇತಿ ಕೊಡುವವರು ಮೆಲ್ಲಗೆ ಹೇಳುತ್ತಾರೆ: "ಮೇಡಂ, ಆ 'ಇವತ್ತಾದ್ರೂ' ಒಂದನ್ನು ತೆಗೆದುಬಿಡಿ." ಶಿಕ್ಷಕಿಗೆ ತಾವು ಹಾಗೆ ಹೇಳಿದ್ದೇ ಗೊತ್ತಿಲ್ಲ. ಎರಡನೇ ಸಲ ಮತ್ತೆ ಅದೇ ಬರುತ್ತದೆ. ನಾಲ್ಕನೇ ಸಲಕ್ಕೆ ಮಾತು ಶುದ್ಧವಾಗುತ್ತದೆ: "ಕೈ ಎತ್ತಿ ಕಾದೆ, ತುಂಬಾ ಒಳ್ಳೇದು. ಹೇಳು." ಹೊಗಳಿಕೆಯೊಳಗೆ ಮುಳ್ಳಿದ್ದರೆ ಮಗುವಿಗೆ ಚುಚ್ಚುವುದು ಮುಳ್ಳೇ. ಈ ಒಂದು ಪದವನ್ನು ಹಿಡಿಯಲು ಯಾವ ಸ್ಲೈಡ್‌ಗೂ ಆಗುವುದಿಲ್ಲ. ಹೇಳಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ, ಅಲ್ಲೇ ತಿದ್ದುವುದು, ಈ ನಾಲ್ಕೂ ಇದ್ದಾಗ ಮಾತ್ರ ಅದು ತರಬೇತಿ. ಮೊದಲನೆಯದೊಂದೇ ಇದ್ದರೆ ಅದು ಭಾಷಣ.

ಅಭ್ಯಾಸವೂ ಸಾಲದು. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 2002ರಲ್ಲಿ ಒಂದು ಲೆಕ್ಕ ಕೊಟ್ಟರು. ವಿವರಣೆ, ಪ್ರದರ್ಶನ, ಅಭ್ಯಾಸ ಎಲ್ಲ ಇದ್ದರೂ ತರಗತಿಯಲ್ಲಿ ಅದನ್ನು ಬಳಸುವವರು ಶೇ. 5. ಜೊತೆಗೆ ತರಗತಿಗೇ ಬಂದು ನೆರವಾಗುವ ಕೋಚ್ ಇದ್ದರೆ ಶೇ. 95. ಇವು ಅಳೆದು ತೆಗೆದ ಅಂಕಿಗಳಿಗಿಂತ ಅವರ ಅನುಭವದ ಅಂದಾಜುಗಳು. ಹಾಗಾಗಿ ಈ ಸಂಖ್ಯೆಗಳಿಗೆ ಜೋತು ಬೀಳುವುದು ಬೇಡ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಗಾರರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಗೂಡಿಸಿದ್ದು ಹೆಚ್ಚು ಗಟ್ಟಿಯಾದ ಆಧಾರ. ಕೋಚಿಂಗ್ ಇದ್ದಾಗ ಶಿಕ್ಷಕರು ಕಲಿಸುವ ರೀತಿ ಚೆನ್ನಾಗಿಯೇ ಸುಧಾರಿಸುತ್ತದೆ. ಆದರೆ ದೊಡ್ಡ ಸಂಖ್ಯೆಯ ಶಿಕ್ಷಕರಿಗೆ ಹರಡಿದಾಗ ಪರಿಣಾಮ ಕಡಿಮೆಯಾಗುತ್ತದೆ. ಒಳ್ಳೆಯ ಕೋಚ್‌ಗಳನ್ನು ರಾತ್ರೋರಾತ್ರಿ ತಯಾರು ಮಾಡಲಾಗುವುದಿಲ್ಲ, ಅದಕ್ಕೇ ಇರಬೇಕು.

ಕೋಚ್ ಅಂದರೆ ಇಲ್ಲಿ ಟ್ಯೂಷನ್ ಅಲ್ಲ, ತಪಾಸಣೆಯಂತೂ ಅಲ್ಲವೇ ಅಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಹದಿನೈದು ನಿಮಿಷ ಕೂತು, ಒಂದು ಚೀಟಿಯಲ್ಲಿ ಗೆರೆ ಎಳೆಯುತ್ತಾ ಹೋಗುವ ಒಬ್ಬ ಸಹೋದ್ಯೋಗಿ. ಪಾಠ ಮುಗಿದ ಮೇಲೆ ಚೀಟಿ ತೋರಿಸುತ್ತಾರೆ. ಹುಡುಗ ಒಂಬತ್ತು ಸಲ ಕೂಗಿದ, ನೀವು ನಾಲ್ಕು ಸಲ ತಿರುಗಿ ಮಾತಾಡಿದಿರಿ. ಮೂರು ಸಲ ಕೈ ಎತ್ತಿದ, ನೀವು ಒಂದು ಸಲ ಕರೆದಿರಿ. ಶಿಕ್ಷಕರು ತಟ್ಟನೆ ಕೇಳುತ್ತಾರೆ: "ಮೂರು ಸಲ ಎತ್ತಿದ್ನಾ? ನನಗೆ ಕಾಣಿಸಲೇ ಇಲ್ಲ!" ಅಲ್ಲಿ ಎಲ್ಲವೂ ಗೊತ್ತಾಗಿಬಿಡುತ್ತದೆ. ಕೂಗಿಗೆ ಸದ್ದಿದೆ, ಎತ್ತಿದ ಕೈಗೆ ಸದ್ದಿಲ್ಲ. ನಾಳೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಅರ್ಧ ಕೆಲಸ ಆಯಿತು. ಇಂಥ ಪರಿಹಾರ ಆ ಕೋಣೆಯಲ್ಲಿ ಕೂತಾಗ ಮಾತ್ರ ಹೊಳೆಯುತ್ತದೆ.

ಆ ಚೀಟಿ ಶಿಕ್ಷಕರ ಕೈಗೇ ಹೋಗಬೇಕು. ಅದು ಸೇವಾ ದಾಖಲೆಗೆ ಸೇರುತ್ತದೆ ಅನ್ನುವ ಗುಮಾನಿ ಒಮ್ಮೆ ಹುಟ್ಟಿದರೆ, ಕೋಚ್ ಬಂದ ದಿನ ಮಾತ್ರ ನಾಟಕ ನಡೆಯುತ್ತದೆ. ಇದರಲ್ಲಿ ರಾಜಿ ಮಾಡಿಕೊಂಡ ಶಾಲೆಗಳು ಆಮೇಲೆ ಎಷ್ಟು ತರಬೇತಿ ಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ 37 ಪ್ರಾಥಮಿಕ ಶಾಲೆಗಳಲ್ಲಿ ಕ್ಯಾಥರೀನ್ ಬ್ರ್ಯಾಡ್‌ಶಾ ಮತ್ತು ಅವರ ತಂಡ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಚೀಟಿ ಎತ್ತಿದ ಹಾಗೆ ಆರಿಸಿದ 21 ಶಾಲೆಗಳಿಗೆ ಪಿಬಿಐಎಸ್ ತರಬೇತಿ, ಉಳಿದ 16ಕ್ಕೆ ಇಲ್ಲ. ತರಬೇತಿ ಪಡೆದ ಶಾಲೆಗಳು ಕಾರ್ಯಕ್ರಮವನ್ನು ಚೆನ್ನಾಗಿ ಪಾಲಿಸಿದವು, ಮಕ್ಕಳನ್ನು ಶಾಲೆಯಿಂದ ಅಮಾನತು ಮಾಡುವುದು ಕಡಿಮೆಯಾಯಿತು. ಆದರೆ ಅಲ್ಲಿ ಕೊಟ್ಟದ್ದು ಏನು ಅಂತ ನೋಡಿ. ಶುರುವಿನಲ್ಲಿ 2 ದಿನದ ತರಬೇತಿ. ಆಮೇಲೆ ಪ್ರತಿ ವರ್ಷ ಮರು ತರಬೇತಿ. ನಡುವೆ ಶಾಲೆಗೇ ಬರುವ ಕೋಚ್. ಹಾಲ್‌ನಲ್ಲಿ ಕಳೆದದ್ದು ಎರಡೇ ದಿನ, ಅದರ ಬೆನ್ನಿಗೆ ನಿಂತದ್ದು ವರ್ಷಗಟ್ಟಲೆ.

"ಅಗೌರವ" ಅಂದರೆ ಯಾವುದು?

ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕಾದರೆ ಮೊದಲು ಎಲ್ಲರೂ ಒಂದೇ ರೀತಿ ನೋಡಬೇಕು. ಒಬ್ಬ ಶಿಕ್ಷಕರಿಗೆ ಎದುರುತ್ತರ ಅನ್ನಿಸಿದ್ದು ಇನ್ನೊಬ್ಬರಿಗೆ ಚುರುಕುತನ. ರಸೆಲ್ ಸ್ಕಿಬಾ ಮತ್ತು ಜೊತೆಗಾರರು 2002ರಲ್ಲಿ ಅಮೆರಿಕದ ಒಂದು ನಗರದ ಶಾಲೆಗಳ ಶಿಸ್ತು ದಾಖಲೆಗಳನ್ನು ನೋಡಿದರು. ಬಿಳಿಯ ಮಕ್ಕಳ ಹೆಸರಿನ ಮುಂದೆ ಧೂಮಪಾನ, ವಸ್ತು ಹಾಳುಮಾಡಿದ್ದು, ಹೀಗೆ ಕಣ್ಣಿಗೆ ಕಾಣುವ ತಪ್ಪುಗಳು ಹೆಚ್ಚಿದ್ದವು. ಕಪ್ಪು ಮಕ್ಕಳ ಹೆಸರಿನ ಮುಂದೆ ಅಗೌರವ, ಜಾಸ್ತಿ ಸದ್ದು, ಹೀಗೆ ನೋಡುವವರ ಕಣ್ಣಿಗೆ ಬಿಟ್ಟ ತಪ್ಪುಗಳು ಹೆಚ್ಚಿದ್ದವು. ಪದ ಸಡಿಲವಾದಷ್ಟೂ ಪೂರ್ವಗ್ರಹಕ್ಕೆ ಜಾಗ ಜಾಸ್ತಿ. ಯಾವ ಗುಂಪಿನ ಮಕ್ಕಳನ್ನು ದೊಡ್ಡವರು ಮೊದಲೇ ಅನುಮಾನದಿಂದ ನೋಡುತ್ತಾರೋ, ಅವರಿಗೇ ಪೆಟ್ಟು ಬೀಳುತ್ತದೆ. ಹಾಗಾಗಿ ಒಂದೇ ಸಮನಾಗಿ ನಡೆದುಕೊಳ್ಳುವುದು ಅಂದರೆ ಬರೀ ಅಚ್ಚುಕಟ್ಟಿನ ಮಾತಲ್ಲ, ನ್ಯಾಯದ ಮಾತು.

ತರಬೇತಿಯಲ್ಲಿ ಇದಕ್ಕೆ ಒಂದು ಸರಳ ಕೆಲಸ ಇದೆ. ತರಗತಿಯ ಹತ್ತು ಸನ್ನಿವೇಶಗಳನ್ನು ಓದಿ ಹೇಳುವುದು. ಪ್ರತಿಯೊಬ್ಬರೂ ಪಕ್ಕದವರನ್ನು ನೋಡದೆ, ಇದನ್ನು ತರಗತಿಯಲ್ಲೇ ತಿದ್ದುತ್ತೀರಾ ಅಥವಾ ಮುಖ್ಯ ಶಿಕ್ಷಕರ ಬಳಿ ಕಳಿಸುತ್ತೀರಾ ಅಂತ ಬರೆಯುವುದು. ಆಮೇಲೆ ಹಾಳೆಗಳನ್ನು ಒಟ್ಟಿಗೆ ಹರಡುವುದು. ಅಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರ ಉತ್ತರಗಳು ಎಷ್ಟು ಬೇರೆಬೇರೆ ಅಂತ ಆಗ ಗೊತ್ತಾಗುತ್ತದೆ. ಆ ಜಗಳ ಅಲ್ಲೇ ಆಗಿ ಮುಗಿಯಲಿ, ಮಕ್ಕಳ ಮೇಲೆ ಆಗುವುದು ಬೇಡ. "ಅಗೌರವ" ಅನ್ನುವ ಜಾಗದಲ್ಲಿ "ಎರಡನೇ ಸಲ ಹೇಳಿದ ಮೇಲೂ ಪುಸ್ತಕ ತೆಗೆಯಲಿಲ್ಲ" ಅನ್ನುವಂಥ, ಕಣ್ಣಿಗೆ ಕಾಣುವ ಮಾತು ಬರಬೇಕು.

ಹಾಗಂತ ಒಂದೇ ತಪ್ಪಿಗೆ ಎಲ್ಲರಿಗೂ ಒಂದೇ ಶಿಕ್ಷೆ ಅನ್ನುವ ಕಡೆಗೆ ಜಾರಬಾರದು. ಅಮೆರಿಕದಲ್ಲಿ ಅಂಥ ಶೂನ್ಯ ಸಹನೆಯ ನೀತಿಗಳನ್ನು ಪರಿಶೀಲಿಸಿದ ಅಲ್ಲಿನ ಮನೋವಿಜ್ಞಾನ ಸಂಘದ ಕಾರ್ಯಪಡೆ, ಅವುಗಳಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದದ್ದಕ್ಕೆ ಆಧಾರ ಇಲ್ಲ ಅಂತ 2008ರಲ್ಲಿ ಹೇಳಿತು. ನಿರೀಕ್ಷೆ ಒಂದೇ ಇರಲಿ, ದನಿ ಒಂದೇ ಇರಲಿ. ಮಗುವನ್ನು ಅಲ್ಲಿಗೆ ಮುಟ್ಟಿಸುವ ಸಹಾಯ ಮಾತ್ರ ಮಗುವಿನಿಂದ ಮಗುವಿಗೆ ಬೇರೆಯಾಗಲೇಬೇಕು.

ತರಬೇತಿಗೆ ಕರೆಯದವರು

ಮಕ್ಕಳ ಜಗಳಗಳು ಹೆಚ್ಚಾಗಿ ನಡೆಯುವುದು ಎಲ್ಲಿ? ಆಟದ ಮೈದಾನ, ಮೆಟ್ಟಿಲು, ಊಟದ ಜಾಗ, ಬಸ್ಸು. ಅಲ್ಲಿ ಇರುವುದು ಯಾರು? ಬಸ್ ಡ್ರೈವರ್, ಅಟೆಂಡರ್, ಸಹಾಯಕಿ, ಕಾವಲುಗಾರ. ತರಬೇತಿಗೆ ಕರೆಯುವುದು ಯಾರನ್ನು? ಶಿಕ್ಷಕರನ್ನು ಮಾತ್ರ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ. ನಮ್ಮ ಹುಡುಗನನ್ನು ಕಾರಿಡಾರಿನಲ್ಲಿ ಪ್ರೀತಿಯಿಂದ ಮಾತಾಡಿಸಿದ ಅಟೆಂಡರ್ ತಪ್ಪು ಮಾಡಲಿಲ್ಲ. ಅವರಿಗೆ ಯೋಜನೆ ಇರುವುದೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರಷ್ಟು ಉಪಯೋಗ ಇನ್ಯಾರಿಂದಲೂ ಆಗುತ್ತಿರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಅದೇ ಪ್ರೀತಿಯಿಂದ ಮಾತಾಡಿಸಿ ಅವರೇ ಅವನಿಗೆ ಕಾರ್ಡ್ ಕೊಡಬಹುದಿತ್ತು.

ಜೆಫ್ ಕಾಲ್ವಿನ್, ಸುಗಾಯ್ ಮತ್ತು ಜೊತೆಗಾರರು 1997ರಲ್ಲಿ ಮಕ್ಕಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತನ್ನು ಗಮನಿಸಿದರು. ಎಷ್ಟು ಮಂದಿ ದೊಡ್ಡವರು ಕಾವಲು ನಿಂತಿದ್ದಾರೆ ಅನ್ನುವುದಕ್ಕಿಂತ, ನಿಂತವರು ಓಡಾಡುತ್ತಾ, ಸುತ್ತ ನೋಡುತ್ತಾ, ಮಕ್ಕಳನ್ನು ಮಾತಾಡಿಸುತ್ತಾ ಇದ್ದಾರಾ ಅನ್ನುವುದೇ ಮುಖ್ಯ ಅಂತ ಕಂಡಿತು. ಮೂಲೆಯಲ್ಲಿ ಸುಮ್ನೆ ನಿಂತ ನಾಲ್ವರಿಗಿಂತ ಓಡಾಡುವ ಒಬ್ಬರು ಮೇಲು. ಇದನ್ನು ಯಾರಿಗೆ ಬೇಕಾದರೂ ಅರ್ಧ ಗಂಟೆಯಲ್ಲಿ ಕಲಿಸಬಹುದು. ಆ ಅರ್ಧ ಗಂಟೆಗೂ ಸಂಬಳ ಕೊಡಬೇಕು. ಕೆಲಸದ ಸಮಯ ಮುಗಿದ ಮೇಲೆ ಬಿಟ್ಟಿಯಾಗಿ ಕೂರಿಸಿ ಕಲಿಸುವುದು ಸರಿಯಲ್ಲ.

ಎಷ್ಟು ದಿನ, ಯಾರ ಸಮಯ

ಡೀನ್ ಫಿಕ್ಸನ್ ಮತ್ತು ಜೊತೆಗಾರರು 2005ರಲ್ಲಿ, ಕಾರ್ಯಕ್ರಮಗಳನ್ನು ಜಾರಿ ಮಾಡುವುದರ ಬಗೆಗಿನ ಸಂಶೋಧನೆಯನ್ನು ಪರಿಶೀಲಿಸಿ ಬರೆದ ವರದಿಯಲ್ಲಿ, ಹೊಸ ಪದ್ಧತಿಯೊಂದು ಪೂರ್ತಿ ಬೇರೂರಲು 2ರಿಂದ 4 ವರ್ಷ ಬೇಕು ಅಂತ ಹೇಳಿದ್ದಾರೆ. ಬಹಳ ಶಾಲೆಗಳು ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಹೊಸದೊಂದು ಕಾರ್ಯಕ್ರಮ ಶುರು ಮಾಡಿರುತ್ತವೆ. ಅಷ್ಟರಲ್ಲಿ ಮೊದಲು ತರಬೇತಿ ಪಡೆದವರಲ್ಲಿ ಕೆಲವರು ಬೇರೆ ಕಡೆಗೆ ಹೋಗಿರುತ್ತಾರೆ. ಹೊಸಬರು ಬಂದಿರುತ್ತಾರೆ, ಅವರಿಗೆ ಸಿಕ್ಕಿರುವುದು ಫೈಲ್ ಮಾತ್ರ.

ಮುಖ್ಯ ಶಿಕ್ಷಕರು ಇಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನ ಒಂದು ಇದೆ, ಅದು ಅಷ್ಟು ಸುಲಭದ್ದಲ್ಲ. ಮೂರು ಕಾರ್ಯಕ್ರಮ ಇದ್ದರೆ ಎರಡನ್ನು ನಿಲ್ಲಿಸಬೇಕು. ಉಳಿದ ಒಂದಕ್ಕೆ ವಾರದ ವೇಳಾಪಟ್ಟಿಯಲ್ಲಿ ಜಾಗ ಕೊಡಬೇಕು. ಕೋಚ್ ಆಗುವ ಶಿಕ್ಷಕರಿಗೆ ಎರಡು ಪೀರಿಯಡ್ ಕಡಿಮೆ ಮಾಡಬೇಕು. ಇದಕ್ಕೆ ಖರ್ಚಿದೆ. ಆದರೆ ಹೊರಗಿನ ಭಾಷಣಕಾರರನ್ನು ಕರೆಸಿ ಹಾಲ್ ತುಂಬಿಸುವ ಖರ್ಚಿನಿಂದ ಇದನ್ನು ತೆಗೆಯಬಹುದು ಅಂತ ನನಗೆ ಅನ್ನಿಸುತ್ತದೆ. ಎರಡು ದಿನದ ಕಾರ್ಯಾಗಾರವನ್ನು ಅರ್ಧ ದಿನಕ್ಕೆ ಇಳಿಸಿ, ಉಳಿದ ಗಂಟೆಗಳನ್ನು ಮುಂದಿನ ಹತ್ತು ವಾರಗಳಿಗೆ ಹಂಚಿದರೂ ಸಾಕು.

ಅಳೆಯುವುದಕ್ಕೂ ಸಾಧನಗಳಿವೆ. ಪಿಬಿಐಎಸ್ ಶಾಲೆಗಳು ಬಳಸುವ ಒಂದು ಪಟ್ಟಿಯಲ್ಲಿ ಶೇ. 70 ಬಂದರೆ ಕಾರ್ಯಕ್ರಮ ಹಳಿಯ ಮೇಲಿದೆ ಅಂತ ಅರ್ಥ. ಅದು ವರ್ಷಕ್ಕೆ ಒಂದೆರಡು ಸಲ ಮಾಡುವ ಕೆಲಸ. ದಿನದಿನಕ್ಕೆ ಅಷ್ಟು ದೊಡ್ಡದು ಬೇಡ. ಆ ಚೀಟಿಯ ಮೇಲಿನ ಗೆರೆಗಳು ಸಾಕು. ಒಂದು ಮಾತ್ರ ನೆನಪಿಡಬೇಕು: ಮಗು ಬದಲಾಗಲಿಲ್ಲ ಅಂತ ಯೋಜನೆ ಬದಲಿಸುವ ಮೊದಲು, ಯೋಜನೆ ನಡೆದಿತ್ತಾ ಅಂತ ನೋಡಬೇಕು. ನಡೆಯದ ಯೋಜನೆಯ ಸೋಲನ್ನು ಮಗುವಿನ ಲೆಕ್ಕಕ್ಕೆ ಬರೆಯುವುದು ಶಾಲೆಗಳಲ್ಲಿ ತೀರಾ ಸಾಮಾನ್ಯ. "ಇವನಿಗೆ ಎಲ್ಲ ಮಾಡಿ ನೋಡಿದ್ದಾಯ್ತು" ಅನ್ನುವ ಮಾತು ಎಷ್ಟು ಮಕ್ಕಳ ದಾಖಲೆಯಲ್ಲಿ ಹೀಗೆ ಸೇರಿಕೊಂಡಿದೆಯೋ.

ಕೊನೆಗೆ ಬದಲಿ ಶಿಕ್ಷಕರ ವಿಷಯ, ಯಾಕೆಂದರೆ ಕಷ್ಟಪಟ್ಟು ಕಟ್ಟಿದ್ದು ಬೇಗ ಕಳಚುವುದು ಅವರು ಬರುವ ದಿನವೇ. ಅವರಿಗೆ ತರಬೇತಿ ಕೊಡಲು ಸಮಯ ಇರುವುದಿಲ್ಲ, ಫೈಲ್ ಓದಲೂ ಆಗುವುದಿಲ್ಲ. ಮೇಜಿನ ಮೇಲೆ ಒಂದು ಪುಟ ಇಡಬಹುದು, ದೊಡ್ಡ ಅಕ್ಷರದಲ್ಲಿ, ನಾಲ್ಕೇ ಸಾಲು. ಕಿಟಕಿ ಪಕ್ಕ ಮುಂದಿನ ಸಾಲಿನಲ್ಲಿ ಕೂರುವ ಹುಡುಗ ಕೂಗಿದರೆ ಉತ್ತರ ಕೊಡಬೇಡಿ. ಅವನ ಕೈ ಕಡೆ ಒಂದು ಕಣ್ಣಿಡಿ, ಎತ್ತಿದ ತಕ್ಷಣ ಕರೆಯಿರಿ. "ಕೈ ಎತ್ತಿ ಕಾದೆ, ತುಂಬಾ ಒಳ್ಳೇದು" ಅಂತ ಹೇಳಿ. "ಇವತ್ತಾದ್ರೂ" ಅನ್ನಬೇಡಿ.